ಹರಿಗೋಲಿಗೆ ತೂಕ ಗೊತ್ತಾದ ದಿನ

ಹೋದ ವರ್ಷ ರಾಜ್ಯೋತ್ಸವಕ್ಕೆ ಒಂದೂವರೆ ನಿಮಿಷದ ಆನಿಮೇಷನ್ ಬೇಕು ಅಂತ ಕ್ಲಬ್ಬಿನವರು ಕೇಳಿದಾಗ, ಹಾಸ್ಟೆಲಿನ ಒಂದೇ ರೂಮಿನ ನಾವು ಮೂವರೂ ಹಿಂದೆಮುಂದೆ ನೋಡದೆ ಕೈ ಎತ್ತಿದೆವು. ನಮ್ಮಲ್ಲೊಬ್ಬ ಆನೆಗೊಂದಿ ಕಡೆಯವನು. ಅವನ ಅಜ್ಜ ತುಂಗಭದ್ರೆಯಲ್ಲಿ ಬಹಳ ವರ್ಷ ಹರಿಗೋಲು ನಡೆಸಿದವರು. ಮೊಣಕಾಲು ಕೈಕೊಟ್ಟ ಮೇಲೆ ಹುಟ್ಟು ಕೆಳಗಿಟ್ಟು, ಹೊಳೆ ಕಡೆ ಹೋಗೋದನ್ನೇ ಬಿಟ್ಟಿದ್ದರು. ಅವರಿಗೆ ಅವರ ಹೊಳೆಯನ್ನು ಫೋನಿನಲ್ಲಾದರೂ ತೋರಿಸೋಣ ಅನ್ನೋದು ನಮ್ಮ ಆಸೆ.

ಸಾಫ್ಟ್‌ವೇರ್ ಬ್ಲೆಂಡರ್. ಕಾಸಿಲ್ಲದವರ ಪಾಲಿಗೆ ಅದೇ ಗತಿ, ಅದೇ ಭಾಗ್ಯ! 2020ರಲ್ಲಿ 2.82 ಆವೃತ್ತಿಯ ಜೊತೆ ಅದಕ್ಕೆ ಮಂಟಾಫ್ಲೋ ಅನ್ನೋ ದ್ರವ ಸಿಮ್ಯುಲೇಷನ್ ಬಂದಿದೆ. ಒಂದು ಡಬ್ಬಿ ತುಂಬ ನೀರು ಮಾಡಿ, ಹರಿಗೋಲನ್ನು ರಿಜಿಡ್ ಬಾಡಿ ಮಾಡಿ ಬಿಟ್ಟೆವು. ಕಲ್ಲು ಬಿದ್ದ ಹಾಗೆ ತಳ ಸೇರಿತು. ಆಮೇಲೆ ಗೊತ್ತಾಯ್ತು: ಇಲ್ಲಿ ವಸ್ತು ನೀರನ್ನು ತಳ್ಳುತ್ತದೆ, ನೀರು ವಸ್ತುವನ್ನು ತಳ್ಳೋದಿಲ್ಲ. ಆರ್ಕಿಮಿಡೀಸ್ ಅರ್ಧ ಮಾತ್ರ ಬಂದಿದ್ದಾನೆ. ರೆಸಲ್ಯೂಷನ್ ಹೆಚ್ಚಿಸಿದರೆ ಸರಿಹೋಗಬಹುದು ಅಂತ 64ರಿಂದ 128ಕ್ಕೆ ಏರಿಸಿದೆವು. ಮೂರೂ ದಿಕ್ಕಿನಲ್ಲಿ ಎರಡರಷ್ಟು ಅಂದರೆ ಎಂಟು ಪಟ್ಟು ಕೋಶಗಳು. ಲ್ಯಾಪ್‌ಟಾಪ್ ಇಡೀ ರಾತ್ರಿ ಬುಸುಗುಟ್ಟಿತು, ಹರಿಗೋಲು ಮತ್ತೆ ಮುಳುಗಿತು, ಈ ಸಲ ಸ್ಪಷ್ಟವಾಗಿ.

ಕೊನೆಗೆ ಎಲ್ಲರೂ ಹಿಡಿಯೋ ಅಡ್ಡದಾರಿಯನ್ನೇ ಹಿಡಿದೆವು. ಓಷನ್ ಮಾಡಿಫೈಯರ್‌ನಿಂದ ಸಣ್ಣ ಅಲೆಗಳ ಮೇಲ್ಮೈ. ಅದರ ಮೂರು ಬಿಂದುಗಳಿಗೆ ಹರಿಗೋಲನ್ನು ವರ್ಟೆಕ್ಸ್ ಪೇರೆಂಟ್ ಮಾಡಿದ್ದು. ಅಲೆ ಎದ್ದರೆ ಏಳುತ್ತೆ, ಓರೆಯಾದರೆ ಓರೆಯಾಗುತ್ತೆ. ಹರಿಗೋಲಿನ ಒಳಗೇ ನೀರು ಕಾಣಿಸ್ತಿತ್ತು, ಅಷ್ಟು ಭಾಗವನ್ನು ಕತ್ತರಿಸಿ ಮರೆಮಾಡಿದೆವು. ಆರು ಜನರನ್ನು ಕೂರಿಸಿದೆವು. ಭಲೇ ಅನ್ನಿಸಿತು. ವಿಡಿಯೋ ಕಾಲ್‌ನಲ್ಲಿ ಅಜ್ಜನಿಗೆ ತೋರಿಸಿದೆವು.

ಅಜ್ಜ ಸ್ವಲ್ಪ ಹೊತ್ತು ಸುಮ್ಮನಿದ್ದು ಅಂದರು: "ನೀರು ಚಲೋ ಮಾಡೀರಿ ತಮ್ಮಾ. ಆದ್ರ ಆರು ಮಂದಿ ಕುಂತಾರ, ಹರಿಗೋಲಿಗೆ ಗೊತ್ತೇ ಇಲ್ಲಲ್ಲ! ಖಾಲಿ ಇದ್ದಾಗ ಹಿಂಗ ಕುಣೀತೈತಿ. ಮಂದಿ ಕುಂತ್ರ ಸಾವಕಾಶ ಆಗ್ತೈತಿ."

ಕಾರ್ಯಕ್ರಮಕ್ಕೆ ಒಂಬತ್ತೇ ದಿನ ಉಳಿದಿತ್ತು. ಹಾಗೇ ಕೊಟ್ಟುಬಿಡಬಹುದಿತ್ತು, ಸಭೆಯಲ್ಲಿ ಯಾರಿಗೂ ಗೊತ್ತಾಗ್ತಿರಲಿಲ್ಲ. ಆದರೆ ಯಾರಿಗೋಸ್ಕರ ಮಾಡಿದ್ದೆವೋ ಅವರಿಗೇ ಗೊತ್ತಾಗಿತ್ತಲ್ಲ.

ಪೇಪರ್ ತಗೊಂಡು ಕೂತೆವು. 2.4 ಮೀಟರ್ ಅಗಲದ ದುಂಡು ಹರಿಗೋಲು, ತಳ ಚಪ್ಪಟೆ ಅಂದುಕೊಂಡರೆ ವಿಸ್ತೀರ್ಣ ಸುಮಾರು 4.5 ಚದರ ಮೀಟರ್. ಒಂದು ಸೆಂಟಿಮೀಟರ್ ಮುಳುಗಿದರೆ 45 ಲೀಟರ್ ನೀರು ಪಕ್ಕಕ್ಕೆ ಸರಿಯುತ್ತೆ, ಅಂದರೆ 45 ಕಿಲೋ ಹೊರುತ್ತೆ. ಹರಿಗೋಲಿನದೇ ತೂಕ 80 ಕಿಲೋ ಅಂತ ಹಿಡಿದರೆ ಖಾಲಿ ಇದ್ದಾಗ ಎರಡು ಸೆಂಟಿಮೀಟರಿಗೂ ಕಡಿಮೆ ಮುಳುಗುತ್ತೆ. ತಲಾ 60 ಕಿಲೋದ ಆರು ಜನ ಕೂತರೆ ಹತ್ತಿರ ಹತ್ತಿರ ಹತ್ತು. ಮೇಲೆ ಕೆಳಗೆ ಒಮ್ಮೆ ತೂಗೋ ಕಾಲ ಮುಳುಗಿದ ಆಳದ ವರ್ಗಮೂಲಕ್ಕೆ ತಕ್ಕ ಹಾಗೆ ಹೆಚ್ಚುತ್ತೆ. ಸುತ್ತಲಿನ ನೀರಿನ ಜಡತ್ವ ಬಿಟ್ಟು ಲೆಕ್ಕ ಹಾಕಿದರೆ ಖಾಲಿಗೆ 0.27 ಸೆಕೆಂಡು, ತುಂಬಿದ್ದಕ್ಕೆ 0.63. ಎರಡು ಪಟ್ಟಿಗಿಂತ ನಿಧಾನ. ಅಜ್ಜ ಹೇಳಿದ್ದು ಅದನ್ನೇ!

ಪೈಥಾನ್ ಸ್ಕ್ರಿಪ್ಟ್ ಬರೆದೆವು. ತಳದ ಹದಿಮೂರು ಬಿಂದುಗಳಲ್ಲಿ ನೀರಿನ ಮಟ್ಟ ಅಳೆದು, ಮುಳುಗಿದಷ್ಟಕ್ಕೆ ಮೇಲ್ಮುಖ ಬಲ ಕೊಟ್ಟು, ಒಟ್ಟು ಬಲ ಮತ್ತು ಟಾರ್ಕ್ ಕೂಡಿಸೋದು. ಮೊದಲ ಸಲ ಓಡಿಸಿದಾಗ ಆರೂ ಜನರ ಸಮೇತ ಹರಿಗೋಲು ಆಕಾಶಕ್ಕೆ ಹಾರಿತು. ಸೆಕೆಂಡಿಗೆ 24 ಹೆಜ್ಜೆ ಸಾಲದು. ಪ್ರತಿ ಫ್ರೇಮನ್ನು ಹತ್ತು ತುಂಡು ಮಾಡಿ, ಸ್ವಲ್ಪ ಡ್ಯಾಂಪಿಂಗ್ ಸೇರಿಸಿದ ಮೇಲೆ ನೀರಿಗಿಳಿಯಿತು. ಒಂದೂವರೆ ನಿಮಿಷ ರೆಂಡರ್ ಆಗೋಕೆ ಟೈಮೇ ಉಳಿಯಲಿಲ್ಲ. ನಲವತ್ತು ಸೆಕೆಂಡಿಗೆ ಇಳಿಸಿ ಕೊಟ್ಟೆವು. "ಇಷ್ಟೇನಾ?" ಅಂತ ಕ್ಲಬ್ಬಿನವರು ಮುಖ ಸಿಂಡರಿಸಿದ್ದೂ ಆಯ್ತು.

ಅಜ್ಜನಿಗೆ ಮತ್ತೆ ಕಳಿಸಿದೆವು. "ಇನ್ನೊಮ್ಮೆ ಹಚ್ಚು" ಅಂದರಂತೆ, ಮೂರು ಸಲ. ಆಮೇಲೆ, "ರಜಾಕ ಅವರನ್ನೂ ಕರ್ಕೊಂಡು ಬಾ."

ಪರೀಕ್ಷೆ ಮುಗಿಸಿ ಹೋದೆವು. ಅಜ್ಜ ಮೊಮ್ಮಗನ ಹೆಗಲು ಹಿಡಿದು ನಮ್ಮ ಜೊತೆ ದಡದವರೆಗೂ ಬಂದರು. ಹುಟ್ಟು ಹಾಕಿದ್ದು ಬೇರೆಯವರು, ಯಾರು ಎಲ್ಲಿ ಕೂರಬೇಕು ಅಂತ ಹೇಳಿದ್ದು ಮಾತ್ರ ಅಜ್ಜನೇ. ನಮ್ಮಲ್ಲಿ ದಪ್ಪಗಿದ್ದವನನ್ನು ನಡುವೆ ಕೂರಿಸಿದರು. ಅವನು ಕೂತಾಗ ಹರಿಗೋಲು ಎಷ್ಟು ಇಳಿಯಿತು ಅಂತ ನಾವು ಬಗ್ಗಿ ನೋಡಿದೆವು. ಒಂದೂವರೆ ಸೆಂಟಿಮೀಟರ್ ಇರಬಹುದು.

ಸ್ಕ್ರಿಪ್ಟ್ ಕ್ಲಬ್ಬಿನ ಡ್ರೈವ್‌ನಲ್ಲಿದೆ. ಜೂನಿಯರ್ಸ್, ತಗೊಂಡು ಮುಂದುವರಿಸಿ. ಹೊಳೆಯ ಸೆಳೆತ ಇನ್ನೂ ಸೇರಿಸಿಲ್ಲ.