ಕೆಂಪು ಹಕ್ಕಿಯ ಒಂದು ಹನಿ ರಕ್ತ

ಮನುಷ್ಯನ ಕೆಂಪು ರಕ್ತಕಣದ ಚಿತ್ರವನ್ನು ಶಾಲೆಯಲ್ಲಿ ಬರೆಯದವರಿಲ್ಲ: ದುಂಡಗೆ, ನಡುವೆ ತಗ್ಗು, ಒಳಗೆ ಕೋಶಕೇಂದ್ರವಿಲ್ಲ. ಹಕ್ಕಿಯ ರಕ್ತವನ್ನು ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಕಂಡ ವಿದ್ಯಾರ್ಥಿಗೆ ಅಚ್ಚರಿ ಕಾದಿರುತ್ತದೆ. ಹಕ್ಕಿಯ ಕಣ ಮೊಟ್ಟೆಯಾಕಾರದ್ದು. ಉದ್ದ ಸುಮಾರು 12 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲಿ 12 ಪಾಲು. ಗೀಮ್ಸಾ ಬಣ್ಣ ಹಾಕಿದರೆ ಕಣವೆಲ್ಲ ನಸುಗೆಂಪು. ನಟ್ಟನಡುವೆ, ಹಲಸಿನ ತೊಳೆಯೊಳಗಿನ ಬೀಜದಂತೆ, ಕಡುನೇರಳೆಯ ಕೋಶಕೇಂದ್ರ. ರಕ್ತ ಹೆಪ್ಪುಗಟ್ಟಿಸುವ ಕಣಗಳಿಗೂ ಇಲ್ಲಿ ಕೋಶಕೇಂದ್ರವುಂಟು. ಹೀಗಾಗಿ ನಮ್ಮ ರಕ್ತದ ಬಿಳಿಕಣಗಳನ್ನು ಚಕಚಕನೆ ಎಣಿಸುವ ಯಂತ್ರ ಹಕ್ಕಿಯ ರಕ್ತದ ಮುಂದೆ ತಬ್ಬಿಬ್ಬಾಗುತ್ತದೆ. ಯಾರಾದರೂ ಕಣ್ಣಿಟ್ಟು ಎಣಿಸಲೇಬೇಕು.

ಪೆಸಿಫಿಕ್ ಸಾಗರದ ಹವಾಯ್ ದ್ವೀಪಗಳಲ್ಲಿ ‘ಇಈವಿ’ ಎಂಬ ಹಕ್ಕಿಯಿದೆ. ಮೈ ಕಡುಗೆಂಪು, ಮಕರಂದ ಹೀರುವ ಕೊಕ್ಕು ಕುಡುಗೋಲಿನಂತೆ ಬಾಗಿದ್ದು. 2017ರಲ್ಲಿ ಅಮೆರಿಕ ಸರ್ಕಾರ ಇದನ್ನು ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿಸಿತು. ಅಪಾಯ ಕೂತಿರುವುದು ಇದೇ ರಕ್ತಕಣದೊಳಗೆ. ಹಕ್ಕಿಗಳ ಮಲೇರಿಯಾ ತರುವ ‘ಪ್ಲಾಸ್ಮೋಡಿಯಮ್ ರೆಲಿಕ್ಟಮ್’ ಕಣವನ್ನು ಹೊಕ್ಕು, ಹಿಮೋಗ್ಲೋಬಿನ್ ತಿಂದು, ಕಪ್ಪು ಕಾಳುಗಳನ್ನು ಉಳಿಸುತ್ತದೆ. ಬೆಳೆದಂತೆ ಕೋಶಕೇಂದ್ರವನ್ನು ಅಂಚಿಗೆ ನೂಕುತ್ತದೆ. ಬಾಡಿಗೆಗೆ ಬಂದವನು ಮನೆಯ ಯಜಮಾನನನ್ನೇ ಮೂಲೆಗೆ ತಳ್ಳಿದ ಹಾಗೆ! ಕೊನೆಗೆ ಕಣ ಒಡೆದು, ಒಂದರಿಂದ ಹಲವಾದ ರೋಗಾಣುಗಳು ಹೊಸ ಕಣಗಳಿಗೆ ನುಗ್ಗುತ್ತವೆ. ಹಕ್ಕಿ ರಕ್ತಹೀನತೆಯಿಂದ ಸೊರಗುತ್ತದೆ. ಪ್ರಯೋಗವೊಂದರಲ್ಲಿ, ರೋಗವಿರುವ ಒಂದೇ ಸೊಳ್ಳೆ ಕಚ್ಚಿದ ಇಈವಿಗಳಲ್ಲಿ ಶೇಕಡಾ 90ರಷ್ಟು ಸತ್ತವು.

ಗುಬ್ಬಚ್ಚಿಗಳು ಇದೇ ರೋಗಾಣುವನ್ನು ಹೊತ್ತುಕೊಂಡೇ ಬದುಕುತ್ತವೆ. 1898ರಲ್ಲಿ ಕಲ್ಕತ್ತೆಯಲ್ಲಿ ರೊನಾಲ್ಡ್ ರಾಸ್ ಮಲೇರಿಯಾ ಹರಡುವ ದಾರಿಯನ್ನು ಪೂರ್ತಿ ಕಂಡುಹಿಡಿದದ್ದು ಹಕ್ಕಿಗಳ ಇಂಥ ಮಲೇರಿಯಾದಿಂದಲೇ. ಆದರೆ ಹವಾಯಿಯಲ್ಲಿ 19ನೆಯ ಶತಮಾನದವರೆಗೆ ಸೊಳ್ಳೆಯೇ ಇರಲಿಲ್ಲ. 1826ರಲ್ಲಿ ಹಡಗೊಂದರ ನೀರಿನ ಪೀಪಾಯಿಗಳಲ್ಲಿ ಬಂತೆನ್ನುತ್ತಾರೆ. ಬಂದದ್ದು ನಮ್ಮ ಊರಿನ ಚರಂಡಿಗಳಲ್ಲಿ ಹುಟ್ಟುವ ಅದೇ ಕ್ಯೂಲೆಕ್ಸ್. ಅಲ್ಲಿನ ಹಕ್ಕಿಗಳಿಗೆ ರೋಗದೊಡನೆ ಹೆಣಗಿ ಗೊತ್ತಿರಲಿಲ್ಲ.

ಬೆಟ್ಟದ ನೆತ್ತಿಯ ಚಳಿ ಇಷ್ಟು ದಿನ ಅವುಗಳನ್ನು ಕಾಯ್ದಿತ್ತು. ಸುಮಾರು 13 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ರೋಗಾಣು ಸೊಳ್ಳೆಯ ಹೊಟ್ಟೆಯಲ್ಲಿ ಬೆಳೆಯದು. ಈಗ ಬೆಟ್ಟಗಳೂ ಬಿಸಿಯಾಗುತ್ತಿವೆ, ಸೊಳ್ಳೆ ಮೇಲೇರುತ್ತಿದೆ. 2023ರ ಕೊನೆಯಲ್ಲಿ ಮಾವಿ ದ್ವೀಪದ ಕಾಡಿನ ಮೇಲೆ ಹೆಲಿಕಾಪ್ಟರುಗಳಿಂದ ಸೊಳ್ಳೆಗಳನ್ನೇ ಸುರಿಯಲಾರಂಭಿಸಿದರು! ಎಲ್ಲವೂ ಗಂಡು, ಕಚ್ಚುವುದಿಲ್ಲ. ಅವುಗಳ ಮೈಯಲ್ಲಿ ಬೇರೆ ಬಗೆಯ ‘ವೊಲ್ಬಾಕಿಯಾ’ ಬ್ಯಾಕ್ಟೀರಿಯಾ ಇರುವುದರಿಂದ, ಅವುಗಳೊಡನೆ ಕೂಡಿದ ಕಾಡಿನ ಹೆಣ್ಣು ಸೊಳ್ಳೆ ಇಡುವ ಮೊಟ್ಟೆ ಒಡೆದು ಮರಿಯಾಗುವುದಿಲ್ಲ.