ಪಶುಪತಿನಾಥನ ಸನ್ನಿಧಿಗೆ ಹೊರಡುವ ಮುನ್ನ

ಇಷ್ಟಲಿಂಗನಿಷ್ಠರಾದ ನಮಗೆ ಕ್ಷೇತ್ರದರ್ಶನವು ಕಡ್ಡಾಯವಾದ ವಿಧಿಯೇನಲ್ಲ. ಆದರೂ ಹಿಮಾಲಯದ ಮಡಿಲಿನಲ್ಲಿ ನೆಲೆಸಿದ ಪಶುಪತಿನಾಥನನ್ನು ಒಮ್ಮೆ ಕಾಣಬೇಕೆಂಬ ಹಂಬಲ ನಮ್ಮ ಮನೆಗಳ ಹಿರಿಯರಲ್ಲಿ ಇದ್ದೇ ಇರುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ಬಡಾವಣೆಯ ಹನ್ನೊಂದು ಮಂದಿ ಅಲ್ಲಿಗೆ ಹೊರಟೆವು. ಕಾಠ್ಮಂಡುವಿನಲ್ಲಿ ಇಳಿದವರು ಮಾತ್ರ ಹತ್ತೇ ಮಂದಿ.

ನಮ್ಮೊಡನಿದ್ದ ಅಕ್ಕನವರೊಬ್ಬರಿಗೆ ಆಗ 62 ವರ್ಷ. ಪೂಜೆಯ ವಸ್ತ್ರ, ವಿಭೂತಿಗಟ್ಟಿ, ದಾರಿಗೆಂದು ಸಜ್ಜೆರೊಟ್ಟಿ, ಶೇಂಗಾಚಟ್ನಿಪುಡಿ ಎಲ್ಲವನ್ನೂ ಮರೆಯದೆ ಕಟ್ಟಿಕೊಂಡಿದ್ದರು. ಗುರುತಿಗೆಂದು ತಂದದ್ದು ಆಧಾರ್ ಕಾರ್ಡ್ ಒಂದನ್ನೇ. ಮತದಾರರ ಗುರುತಿನ ಚೀಟಿ ಮನೆಯ ಕಪಾಟಿನಲ್ಲಿ ಭದ್ರವಾಗಿತ್ತು! ದೆಹಲಿಯ ವಿಮಾನ ನಿಲ್ದಾಣದಲ್ಲಿ ಅಧಿಕಾರಿಗಳು ಕಾರ್ಡನ್ನು ತಿರುಗಿಸಿ ನೋಡಿ, ಇದು ಸಾಲದೆಂದು ಹಿಂದಿರುಗಿಸಿದರು. ಅದೇ ಆಧಾರ್ ತೋರಿಸಿದ 68 ವರ್ಷದ ಹಿರಿಯರೊಬ್ಬರು ಒಳಗೆ ಹೋಗಿಯಾಗಿತ್ತು. ಅಕ್ಕನವರು ಕಣ್ಣೊರೆಸಿಕೊಂಡು, "ನೀವು ಹೋಗಿ ಬರ್ರಿ ತಂಗಿ, ನನ್ನ ಹೆಸರಲೆ ಒಂದು ಪತ್ರಿ ಏರಿಸ್ರಿ" ಎಂದು ದೆಹಲಿಯ ಸಂಬಂಧಿಕರ ಮನೆಗೆ ಹಿಂದಿರುಗಿದರು.

ನೇಪಾಳಕ್ಕೆ ವೀಸಾ ಬೇಡವೆಂಬುದು ನಿಜ. ಉಭಯ ದೇಶಗಳ ನಡುವೆ 1950ರಲ್ಲಿ ಆದ ಮೈತ್ರಿ ಒಪ್ಪಂದದ ಕಾಲದಿಂದಲೂ ಭಾರತೀಯ ಪ್ರಜೆಗಳಿಗೆ ಆ ನಾಡಿನ ಬಾಗಿಲು ತೆರೆದೇ ಇದೆ. ಆದರೆ ವೀಸಾ ಬೇಡವೆಂದ ಮಾತ್ರಕ್ಕೆ ದಾಖಲೆ ಬೇಡವೆಂದಲ್ಲ. ವಿಮಾನದಲ್ಲಿ ಹೋಗುವವರ ಬಳಿ ಪಾಸ್‌ಪೋರ್ಟ್ ಅಥವಾ ಚುನಾವಣಾ ಆಯೋಗ ನೀಡಿದ ಮತದಾರರ ಗುರುತಿನ ಚೀಟಿ ಇರಬೇಕು. 65 ವರ್ಷ ದಾಟಿದವರಿಗೂ 15 ವರ್ಷ ತುಂಬದ ಮಕ್ಕಳಿಗೂ ಇದರಲ್ಲಿ ರಿಯಾಯಿತಿಯುಂಟು. ವಯಸ್ಸನ್ನೂ ಗುರುತನ್ನೂ ತೋರಿಸುವ ಭಾವಚಿತ್ರ ಸಹಿತ ದಾಖಲೆ ಅವರಿಗೆ ಸಾಕು. ಇಂಥವರು ಆಧಾರ್ ತೋರಿಸಬಹುದೆಂದು ಕೇಂದ್ರ ಗೃಹ ಸಚಿವಾಲಯ 2019ರಲ್ಲಿ ತಿಳಿಸಿತು. 15ರಿಂದ 18 ವರ್ಷದೊಳಗಿನ ಮಕ್ಕಳಿಗೆ ಶಾಲೆಯ ಮುಖ್ಯೋಪಾಧ್ಯಾಯರು ನಿಗದಿತ ನಮೂನೆಯಲ್ಲಿ ಕೊಟ್ಟ ಗುರುತಿನ ಪತ್ರವಾಗುತ್ತದೆ. ಒಂದೇ ಮನೆಯ ಅಜ್ಜ, ಮಗ, ಮೊಮ್ಮಗನಿಗೆ ಮೂರು ಬಗೆಯ ಕಾಗದ ಬೇಕಾಗಬಹುದೆಂಬುದನ್ನು ಯಜಮಾನರು ಗಮನಿಸಬೇಕು.

ವಿದೇಶದಲ್ಲಿ ಮಕ್ಕಳಿರುವ ಕುಟುಂಬಗಳು ಇನ್ನೊಂದು ವಿಷಯವನ್ನು ಮರೆಯಬಾರದು. ಅಮೆರಿಕದಲ್ಲಿ ಹುಟ್ಟಿ ಅಲ್ಲಿಯ ಪಾಸ್‌ಪೋರ್ಟ್ ಹೊಂದಿದ ಮೊಮ್ಮಗನು ನಮ್ಮ ಕರುಳಕುಡಿಯೇ ಆದರೂ ನೇಪಾಳದ ಕಣ್ಣಿಗೆ ಅಮೆರಿಕದ ಪ್ರಜೆ. ಸಾಗರೋತ್ತರ ಭಾರತೀಯ ಕಾರ್ಡ್ ಇದ್ದರೂ ಅವನು ವೀಸಾ ಪಡೆಯಲೇಬೇಕು. ಕಾಠ್ಮಂಡುವಿನ ವಿಮಾನ ನಿಲ್ದಾಣದಲ್ಲಿಯೇ ಅದು ದೊರೆಯುತ್ತದೆ. 2019ರಲ್ಲಿ ಗೊತ್ತುಪಡಿಸಿದ ದರದಂತೆ 15 ದಿನಕ್ಕೆ 30 ಡಾಲರ್. ಭಾರತಕ್ಕೆ ಮರಳುವಾಗ ಆ ಕಾರ್ಡ್ ಕೈಯಲ್ಲಿರಬೇಕಾದ್ದರಿಂದ ಅದನ್ನು ಮನೆಯಲ್ಲಿ ಬಿಟ್ಟು ಹೋಗುವಂತಿಲ್ಲ.

ಹಣದ ವಿಷಯದಲ್ಲಿಯೂ ಎಚ್ಚರ ಬೇಕು. 100 ರೂಪಾಯಿಗಿಂತ ದೊಡ್ಡ ಭಾರತೀಯ ನೋಟುಗಳನ್ನು ನೇಪಾಳವು 2018ರ ಡಿಸೆಂಬರಿನಲ್ಲಿ ನಿಷೇಧಿಸಿತು. ಇಂಥ ನಿಯಮಗಳು ಬದಲಾಗುವುದುಂಟಾದ್ದರಿಂದ ಹೊರಡುವ ಮುನ್ನ ವಿಚಾರಿಸುವುದು ಲೇಸು. 100 ರೂಪಾಯಿಯ ನೋಟುಗಳನ್ನೇ ಒಯ್ದರೆ ಚಿಂತೆಯಿಲ್ಲ. ನಮ್ಮ 100 ರೂಪಾಯಿಗೆ ಅಲ್ಲಿಯ 160 ರೂಪಾಯಿ ಸಮ. ಗಡಿಯಾರದ ಮುಳ್ಳನ್ನು ಹದಿನೈದು ನಿಮಿಷ ಮುಂದಕ್ಕೆ ತಿರುಗಿಸಿಕೊಳ್ಳಬೇಕು.

ಬಾಗಮತಿ ನದಿಯ ದಡದಲ್ಲಿ, ಹೊಳೆಯುವ ಎರಡಂತಸ್ತಿನ ಮಾಡಿನ ಕೆಳಗೆ ಪಶುಪತಿನಾಥನು ನಾಲ್ಕು ದಿಕ್ಕಿಗೆ ನಾಲ್ಕು ಮುಖಗಳನ್ನು ತೋರಿ ನಿಂತಿದ್ದಾನೆ. ಸದ್ಯೋಜಾತ, ವಾಮದೇವ, ಅಘೋರ, ತತ್ಪುರುಷ. ಮೇಲಿನದು ಕಾಣದ ಈಶಾನ. ದೇವಾಲಯಕ್ಕೂ ಪ್ರವೇಶ ನಿಯಮಗಳುಂಟು. ಒಳಗೆ ಹಿಂದೂಗಳಿಗೆ ಮಾತ್ರ ಪ್ರವೇಶ. ಚರ್ಮದ ವಸ್ತುಗಳಿಗೂ ಛಾಯಾಚಿತ್ರಕ್ಕೂ ಅವಕಾಶವಿಲ್ಲ. ಲಿಂಗವನ್ನು ಮುಟ್ಟಿ ಪೂಜಿಸುವ ಅಧಿಕಾರ ದಕ್ಷಿಣ ಭಾರತದಿಂದ ಹೋದ ಭಟ್ಟರಿಗೆ ಮಾತ್ರ, ಅವರಲ್ಲಿ ಕರ್ನಾಟಕದವರೇ ಹೆಚ್ಚು. 2009ರ ಆರಂಭದಲ್ಲಿ ಅಂದಿನ ಸರ್ಕಾರ ನೇಪಾಳಿ ಅರ್ಚಕರನ್ನು ನೇಮಿಸಲು ಹೋಗಿ, ವಿರೋಧವೆದ್ದ ಮೇಲೆ ಹಿಂದೆ ಸರಿಯಿತು. ಅಷ್ಟು ದೂರದ ಗರ್ಭಗುಡಿಯಲ್ಲಿ ನಮ್ಮ ನಾಡಿನ ಕೈಗಳು ಪೂಜೆ ಸಲ್ಲಿಸುವುದನ್ನು ಕಂಡಾಗ ಹೃದಯ ತುಂಬಿ ಬಂದಿತು. ಅಕ್ಕನವರ ಹೆಸರಿನಲ್ಲಿ ಬಿಲ್ವಪತ್ರೆಯನ್ನು ಅರ್ಪಿಸಿದೆವು.

ಅಲ್ಲಿಂದ ಪೂರ್ವಕ್ಕಿರುವ ಭಕ್ತಪುರಕ್ಕೂ ಹೋಗಿ ಬನ್ನಿರಿ. 2015ರ ಏಪ್ರಿಲ್ 25ರ ಭೂಕಂಪದಲ್ಲಿ ಬಹಳ ನೊಂದ ಊರದು. ಅಲ್ಲಿ ಜಂಗಮ ಮಠವಿದೆ. ಪಾಸ್‌ಪೋರ್ಟ್ ಎಂಬ ಮಾತೇ ಹುಟ್ಟದ ಕಾಲದಲ್ಲಿ ಕಾವಿ, ಜೋಳಿಗೆ, ಕೊರಳ ಲಿಂಗಗಳನ್ನೇ ಗುರುತಾಗಿ ಹೊತ್ತು ಬೆಟ್ಟಗಳನ್ನು ದಾಟಿದ ಜಂಗಮರನ್ನು ಅದು ನೆನಪಿಸುತ್ತದೆ. ನಮಗಾದರೋ ಕಾಲಧರ್ಮದಂತೆ ಕಾಗದವೂ ಬೇಕು.

ಮರುವರ್ಷ ಅಕ್ಕನವರು ಮತ್ತೊಂದು ತಂಡದೊಡನೆ ಹೊರಟರು. ಬೀಳ್ಕೊಡಲು ಹೋದಾಗ ಮತದಾರರ ಚೀಟಿಯನ್ನು ವಿಭೂತಿಯ ಚೀಲದಲ್ಲಿಯೇ ಇಟ್ಟುಕೊಂಡಿದ್ದನ್ನು ತೆಗೆದು ತೋರಿಸಿದರು. ದರ್ಶನ ಮುಗಿಸಿ ಬಂದು ನಮ್ಮ ಮನೆಗೆ ಪ್ರಸಾದ ಕೊಟ್ಟು ಹೋದರು. ನಿಮ್ಮ ಮನೆಯ ಹಿರಿಯರು ಒಂದು ವರ್ಷ ಕಾಯುವಂತಾಗದಿರಲಿ.