ಅಂಗಳಕ್ಕೊಂದು ಅಚ್ಚು

ಹೋದ ಮಳೆಗಾಲದಲ್ಲಿ ಅಮ್ಮ ಅಂಗಳದ ಪಾಚಿ ಮೇಲೆ ಕಾಲು ಜಾರಿ ಬಿದ್ದು ಮಣಿಕಟ್ಟು ಮುರ್ಕೊಂಡಳು. ನಂಗೆ ಗೊತ್ತಾಗಿದ್ದು ಮೂರು ದಿನ ಆದ್ಮೇಲೆ. "ಆಫೀಸಲ್ಲಿ ಗಾಬರಿ ಆಗ್ತೀಯ ಅಂತ ಹೇಳ್ಲಿಲ್ಲ ಕಣೋ" ಅಂದಳು. ಅವತ್ತೇ ತೀರ್ಮಾನ ಮಾಡಿದೆ, ತಿಪಟೂರಿನ ಮನೆ ಅಂಗಳ ನಾನೇ ಸರಿ ಮಾಡ್ತೀನಿ.

ಮೇಸ್ತ್ರಿಗೆ ಹೇಳಿದ್ರೆ ಸಲೀಸಾಗಿ ಮುಗಿಯುವ ಕೆಲಸ. ಆದರೆ ಸುದ್ದಿಯನ್ನೇ ಮೂರು ದಿನ ತಡವಾಗಿ ಕೇಳಿದ ಮಗನಿಗೆ ಬರೀ ದುಡ್ಡು ಕಳಿಸಿ ಸುಮ್ಮನಾಗೋಕೆ ಮನಸ್ಸಾಗಲಿಲ್ಲ. ಕೈ ಕೆಸರು ಮಾಡ್ಕೋಬೇಕಿತ್ತು.

ನಾನು ಆರಿಸಿಕೊಂಡಿದ್ದು ಸ್ಟ್ಯಾಂಪ್ಡ್ ಕಾಂಕ್ರೀಟ್. ಹಸಿ ಕಾಂಕ್ರೀಟ್ ಮೇಲೆ ರಬ್ಬರ್ ಮ್ಯಾಟ್ ಇಟ್ಟು ಒತ್ತಿದರೆ ಕಲ್ಲುಚಪ್ಪಡಿ ಜೋಡಿಸಿದ ಹಾಗೆ ಅಚ್ಚು ಮೂಡುತ್ತೆ. ನೋಡೋಕೂ ಚಂದ, ಒರಟಾಗಿರೋದರಿಂದ ಕಾಲಿಗೂ ಹಿಡಿತ. ರಾತ್ರಿಗಟ್ಟಲೆ ವಿಡಿಯೋ ನೋಡಿದೆ, ಎಕ್ಸೆಲ್ ಶೀಟ್ ಮಾಡಿದೆ. ಹತ್ತಡಿಗೆ ಹನ್ನೆರಡಡಿ, 4 ಇಂಚು ದಪ್ಪ, ಅಂದರೆ 40 ಘನ ಅಡಿ. ಸಿಮೆಂಟ್ 9 ಚೀಲ, ಒಂದಕ್ಕೆ ಒಂದೂವರೆ ಎಂ ಸ್ಯಾಂಡ್, ಮೂರು ಜಲ್ಲಿ. ಬಣ್ಣ ಕೆಂಪಾ ಬೂದಿನಾ ಅಂತ ಆಫೀಸ್ ಗ್ರೂಪಲ್ಲಿ ಪೋಲ್ ಹಾಕಿದೆ. ಕೆಂಪು ಗೆದ್ದಿತು. ಅಮ್ಮಂಗೆ ಮಾತ್ರ "ಸಿಮೆಂಟ್ ಹಾಕಿಸ್ತಿದೀನಿ" ಅಂತಷ್ಟೇ ಹೇಳಿದ್ದೆ. ಸರ್‌ಪ್ರೈಸ್ ಇರಲಿ ಅಂತ.

ಮಾರ್ಚ್ ತಿಂಗಳ ಒಂದು ಶನಿವಾರ. ನಾನು, ಚಿಕ್ಕಪ್ಪನ ಮಗ, ಬಾಡಿಗೆಗೆ ತಂದ ಒಂದು ಮಿಕ್ಸರ್. ಬೆಳಗ್ಗೆ ಏಳಕ್ಕೆ ಬರಬೇಕಿದ್ದ ಮಿಕ್ಸರ್ ಬಂದಿದ್ದು ಹತ್ತೂವರೆಗೆ. ಆಗಲೇ ಎಚ್ಚೆತ್ಕೋಬೇಕಿತ್ತು. ನಾವು ಬಾಂಡ್ಲಿ ಬಾಂಡ್ಲಿ ಸುರಿದು, ಗೇಟಿನ ಕಡೆಯಿಂದ ಹೊಸಿಲಿನವರೆಗೂ ಒಂದೇ ಸಲ ಹರಡಿಬಿಟ್ಟೆವು.

ಕಾಂಕ್ರೀಟ್ ಒಣಗೋದಿಲ್ಲ, ಗಟ್ಟಿಯಾಗುತ್ತೆ. ಎರಡಕ್ಕೂ ವ್ಯತ್ಯಾಸ ಇದೆ. ನೀರು ಆವಿಯಾಗಿ ಹೋಗೋದರಿಂದಲ್ಲ, ಸಿಮೆಂಟಿನ ಜೊತೆ ಸೇರಿ ಕೆಲಸ ಮಾಡೋದರಿಂದ ಅದು ಕಲ್ಲಾಗೋದು. ಬಿಸಿಲು ಜೋರಿದ್ದಷ್ಟೂ ಆ ಕೆಲಸಕ್ಕೆ ಅವಸರ ಜಾಸ್ತಿ. ತೀರಾ ಹಸಿ ಇದ್ದಾಗ ಒತ್ತಿದರೆ ಮ್ಯಾಟ್ ಮುಳುಗುತ್ತೆ, ತಡವಾದರೆ ಅಚ್ಚೇ ಬೀಳಲ್ಲ. ಬೆರಳಲ್ಲಿ ಒತ್ತಿದಾಗ ಕಾಲು ಇಂಚಿನಷ್ಟು ಗುಳಿ ಬಿದ್ದು ಹಾಗೇ ನಿಂತರೆ ಶುರು ಮಾಡಬಹುದು.

ಶುರು ಮಾಡಿದೆವು. ಅಂಟದ ಹಾಗೆ ಪುಡಿ ಉದುರಿಸೋದು, ಮ್ಯಾಟ್ ಇಡೋದು, ಕುಟ್ಟೋದು, ಎತ್ತೋದು. ದುಡ್ಡು ಉಳಿಸೋಕೆ ಎರಡೇ ಮ್ಯಾಟ್ ತರಿಸಿದ್ದೆ. ನಾವು ಒಂದು ಸಾಲು ಮುಗಿಸುವಷ್ಟರಲ್ಲಿ ಬಿಸಿಲು ಎರಡು ಸಾಲು ಮುಗಿಸ್ತಿತ್ತು. ಹೊಸಿಲಿನ ಹತ್ತಿರ ಬರುವಾಗ ಮೇಲೆ ನಿಂತು ಕುಣಿದರೂ ಅಚ್ಚು ಬೀಳಲಿಲ್ಲ. "ಒಂಚೂರು ನೀರು ಹಾಕೋಣ" ಅಂದ ತಮ್ಮ. ಹಾಗೆ ಮಾಡಿದರೆ ಮೇಲ್ಪದರ ಸತ್ತು ಆಮೇಲೆ ಪುಡಿ ಏಳುತ್ತೆ ಅಂತ ಓದಿದ್ದೆ. ಬೇಡ ಅಂದೆ. ಕರಣೆಯಲ್ಲಿ ತಿಕ್ಕಿ ತಿಕ್ಕಿ ನುಣ್ಣಗೆ ಮಾಡಿ ಕೈಬಿಟ್ಟೆವು. ಎರಡಡಿ ಅಗಲದ ಪಟ್ಟಿ ಬೋಳು.

ಸಂಜೆ ದಾರೀಲಿ ಹೋಗ್ತಿದ್ದ ಮೇಸ್ತ್ರಿ ಗೇಟ್ ಹತ್ರ ನಿಂತು ನೋಡಿದರು. "ನಾಲ್ಕು ಆಳಿನ ಕೆಲಸ ಕಣಪ್ಪ ಇದು" ಅಂದು ಹೋದರು. ನಾನು ಮೆಟ್ಟಿಲ ಮೇಲೆ ಕೂತು ಆ ಬೋಳು ಪಟ್ಟಿ ನೋಡ್ತಿದ್ದೆ. ಒಡೆದು ಮತ್ತೆ ಹಾಕೋಕೆ ಎಷ್ಟಾಗುತ್ತೆ ಅಂತ ಲೆಕ್ಕ ಓಡ್ತಿತ್ತು.

ಅಮ್ಮ ಕಾಫಿ ತಂದಳು. ಅಚ್ಚು ಬಿದ್ದ ಕಡೆ ತುಂಬಾ ಹೊತ್ತು ನೋಡಿ, "ಚೆನ್ನಾಗಿದೆ" ಅಂದಳು. ಆಮೇಲೆ ಮೆತ್ತಗೆ, "ಬೆಳಗ್ಗೆಯಿಂದ ಯೋಚನೆ ಆಗಿತ್ತು ಕಣೋ, ಇಷ್ಟು ಗುಂಡಿಗಳ ಮೇಲೆ ರಂಗೋಲಿ ಎಲ್ಲಿ ಹಾಕ್ಲಿ ಅಂತ. ಪುಣ್ಯಕ್ಕೆ ಹೊಸಿಲ ಮುಂದೆ ಇಷ್ಟು ಬಿಟ್ಟಿದೀಯಲ್ಲ."

ನಾನು ಬಿಟ್ಟಿರಲಿಲ್ಲ. ಉಳಿದುಹೋಗಿತ್ತು ಅಷ್ಟೆ.

ಮದುವೆಯಾಗಿ ಬಂದ ದಿನದಿಂದ ದಿನಾ ಬೆಳಗ್ಗೆ ಬಗ್ಗಿ ರಂಗೋಲಿ ಎಳೆದವಳು ಅವಳು. ಬ್ಯಾಂಡೇಜ್ ಇದ್ದಾಗಲೂ ಎಡಗೈಯಲ್ಲಿ ಎರಡು ಗೆರೆ ಎಳೀತಿದ್ದಳಂತೆ. ಬಣ್ಣ ಯಾವುದಿರಲಿ ಅಂತ ಆ ಅಂಗಳದಲ್ಲಿ ಯಾವತ್ತೂ ಕಾಲಿಡದವರನ್ನೆಲ್ಲ ಕೇಳಿದ್ದೆ. ಅವಳನ್ನ ಒಂದು ಮಾತು ಕೇಳಿರಲಿಲ್ಲ. ಬಿಸಿಲು ತಡೆದಿರದಿದ್ದರೆ ಹೊಸಿಲವರೆಗೂ ಒತ್ತಿಬಿಡ್ತಿದ್ದೆ. ಅವಳು ಆಗಲೂ "ಚೆನ್ನಾಗಿದೆ" ಅಂತಲೇ ಅಂತಿದ್ದಳು. ಬಿದ್ದಿದ್ದನ್ನೇ ಹೇಳದವಳು ಇದನ್ನ ಹೇಳ್ತಿದ್ದಳಾ?

ಭಾನುವಾರ ಪುಡಿ ತೊಳೆದು ಸೋಮವಾರ ಬೆಂಗಳೂರಿಗೆ ವಾಪಸ್ ಬಂದೆ. ಏಳು ದಿನ ನೀರು ಹಾಕಿ ಕ್ಯೂರಿಂಗ್ ಮಾಡಿದವಳು ಅವಳೇ. ಒಂದು ತಿಂಗಳಾದ್ಮೇಲೆ ಸೀಲರ್ ಡಬ್ಬಿ ಹಿಡ್ಕೊಂಡು ಹೋದೆ. ಬರೀ ಸೀಲರ್ ಹಚ್ಚಿದರೆ ಮಳೇಲಿ ಮತ್ತೆ ಜಾರುತ್ತೆ, ಅದಕ್ಕೆ ಜಾರದ ಹಾಗೆ ಬೆರೆಸೋ ಸಣ್ಣ ಪುಡಿನೂ ತಂದಿದ್ದೆ. ಬ್ರಷ್ ಅದ್ದೋ ಮುಂಚೆ ಈ ಸಲ ಕೇಳಿದೆ, "ಅಮ್ಮ, ಹಚ್ಲಾ?"

"ಅಲ್ಲೆಲ್ಲ ಹಚ್ಚು," ಅಂದಳು. "ಈ ಎರಡಡಿಗೆ ಬೇಡ. ರಂಗೋಲಿ ಹಿಡ್ಕೊಳ್ಳಲ್ಲ."

ಹಚ್ಚಲಿಲ್ಲ.